ಸತತ 36 ಔಟ್, ಆದ್ರೂ ಸೋಲು

ಕ್ರಿಕೆಟ್ ನೋಡ್ತಾ ಬೆಳೆದ ನನಗೆ ಬೇಸ್‌ಬಾಲ್ ಅಂದ್ರೆ ದೂರದ ನೆಂಟರ ಹಾಗೆ. ಮುಖಪರಿಚಯ ಇದೆ, ಒಡನಾಟ ಇಲ್ಲ. ಆದ್ರೂ ಒಂದು ಹಳೇ ಪಂದ್ಯದ ಸ್ಕೋರ್‌ಕಾರ್ಡನ್ನು ಆಗಾಗ ತೆಗೆದು ನೋಡ್ತಿರ್ತೀನಿ. ಅದರಲ್ಲೂ ಅಪ್ರೈಸಲ್ ಫಾರ್ಮ್ ತುಂಬೋ ದಿನಗಳಲ್ಲಿ!

1959ರ ಮೇ 26. ಅಮೆರಿಕದ ಮಿಲ್ವಾಕೀ ಕೌಂಟಿ ಸ್ಟೇಡಿಯಂ. ಮಿಲ್ವಾಕೀ ಬ್ರೇವ್ಸ್ ವಿರುದ್ಧ ಪಿಟ್ಸ್‌ಬರ್ಗ್ ಪೈರೇಟ್ಸ್. ಪೈರೇಟ್ಸ್ ಪರ ಚೆಂಡು ಎಸೆಯೋಕೆ ನಿಂತವನು ಹಾರ್ವಿ ಹ್ಯಾಡಿಕ್ಸ್. 33 ವರ್ಷದ ಎಡಗೈ ಪಿಚರ್. ಅವತ್ತು ಮೈಯಲ್ಲಿ ಹುಷಾರಿರಲಿಲ್ಲ, ನೆಗಡಿ ಬೇರೆ. ಎದುರಿಗಿದ್ದ ತಂಡವೋ ಹಿಂದಿನ ಎರಡೂ ವರ್ಷ ನ್ಯಾಷನಲ್ ಲೀಗ್ ಗೆದ್ದಿತ್ತು. ಹ್ಯಾಂಕ್ ಆರನ್, ಎಡ್ಡಿ ಮ್ಯಾಥ್ಯೂಸ್‌ರಂಥ ಘಟಾನುಘಟಿಗಳು ಅದರಲ್ಲಿದ್ದರು.

ಲೆಕ್ಕ ಸುಲಭ. ಒಂದು ಇನ್ನಿಂಗ್ಸ್‌ಗೆ ಮೂರು ಔಟ್, ಒಂಬತ್ತು ಇನ್ನಿಂಗ್ಸ್‌ಗೆ 27. ಎದುರಾಳಿಗಳಲ್ಲಿ ಒಬ್ಬನೂ ಮೊದಲ ಬೇಸ್ ಮುಟ್ಟದ ಹಾಗೆ ಪಂದ್ಯ ಮುಗಿಸಿದ್ರೆ ಅದು 'ಪರ್ಫೆಕ್ಟ್ ಗೇಮ್'. ಅಪರೂಪದಲ್ಲಿ ಅಪರೂಪ. ಹ್ಯಾಡಿಕ್ಸ್ ಅವತ್ತು 27 ಜನ ಬಂದರೆ 27 ಜನರನ್ನೂ ಔಟ್ ಮಾಡಿದ.

ಆದರೆ ಪಂದ್ಯ ಮುಗೀಲಿಲ್ಲ. ಯಾಕಂದ್ರೆ ಅವನ ತಂಡವೂ ಒಂದೇ ಒಂದು ರನ್ ಮಾಡಿರಲಿಲ್ಲ! ಬ್ರೇವ್ಸ್‌ನ ಪಿಚರ್ ಲೂ ಬರ್ಡೆಟ್ ಹೊಡೆತ ತಿನ್ನುತ್ತಲೇ ಇದ್ದ, ರನ್ ಮಾತ್ರ ಬಿಡಲಿಲ್ಲ. ಪೈರೇಟ್ಸ್‌ಗೆ ಒಟ್ಟು 12 ಹಿಟ್, ರನ್ ಸೊನ್ನೆ. 0-0.

ಹತ್ತನೇ ಇನ್ನಿಂಗ್ಸ್. ಹನ್ನೊಂದು. ಹನ್ನೆರಡು. ಹ್ಯಾಡಿಕ್ಸ್ ಒಬ್ಬನನ್ನೂ ಬಿಡಲಿಲ್ಲ. ಸತತ 36 ಔಟ್! ಇನ್ನೊಂದು ವಿಷಯ ಕೇಳಿ. ಬ್ರೇವ್ಸ್‌ನವರು ಬೈನಾಕ್ಯುಲರ್ ಹಿಡಿದು ಪೈರೇಟ್ಸ್ ಕ್ಯಾಚರ್‌ನ ಸನ್ನೆಗಳನ್ನು ಕದ್ದು ನೋಡ್ತಿದ್ದರಂತೆ. ಎಷ್ಟೋ ವರ್ಷಗಳ ಮೇಲೆ ಆ ತಂಡದವನೇ ಆದ ಬಾಬ್ ಬೂಲ್ ಇದನ್ನು ಒಪ್ಪಿಕೊಂಡ. ಅಂದ್ರೆ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ್ರೂ ಪಾಸಾಗೋಕೆ ಆಗಲಿಲ್ಲ.

ಹದಿಮೂರನೇ ಇನ್ನಿಂಗ್ಸ್. ಫೆಲಿಕ್ಸ್ ಮಾಂಟಿಯಾ ನೆಲಕ್ಕೆ ಹೊಡೆದ ಚೆಂಡು ಮೂರನೇ ಬೇಸ್ ಕಾಯ್ತಿದ್ದ ಡಾನ್ ಹೋಕ್ ಕೈಗೆ ಬಂತು. ಹೋಕ್ ಎಸೆತ ತಪ್ಪಿತು. ಮಾಂಟಿಯಾ ಬಚಾವ್. ಮ್ಯಾಥ್ಯೂಸ್ ತಾನು ಔಟಾಗಿ ಅವನನ್ನು ಎರಡನೇ ಬೇಸ್‌ಗೆ ಕಳಿಸಿದ. ಆರನ್‌ಗೆ ಬೇಕಂತಲೇ ವಾಕ್ ಕೊಟ್ಟರು. ಆಮೇಲೆ ಬಂದ ಜೋ ಆಡ್ಕಾಕ್ ಚೆಂಡನ್ನು ಬೇಲಿಯಾಚೆಗೆ ಅಟ್ಟಿದ. ಸಂಭ್ರಮದ ಗೊಂದಲದಲ್ಲಿ ಆರನ್ ನಡುವೆಯೇ ದಾರಿ ಬಿಟ್ಟ, ಆಡ್ಕಾಕ್ ಅವನನ್ನು ದಾಟಿ ಓಡಿ ಔಟಾದ. ಹೋಮ್ ರನ್ ಹೋಗಿ 'ಡಬಲ್' ಅಂತ ದಾಖಲಾಯಿತು. ಫಲಿತಾಂಶ 1-0. ಸೋತ ಪಿಚರ್: ಹ್ಯಾಡಿಕ್ಸ್.

1991ರಲ್ಲಿ ಮೇಜರ್ ಲೀಗ್‌ನವರು ವ್ಯಾಖ್ಯೆಯನ್ನೇ ಬಿಗಿ ಮಾಡಿದರು. ಪಂದ್ಯ ಮುಗಿಯುವವರೆಗೂ ಒಂದೂ ಹಿಟ್ ಇರಬಾರದು, ಇದ್ದರೆ ಪಟ್ಟಿಯಲ್ಲಿ ಜಾಗ ಇಲ್ಲ. 32 ವರ್ಷದ ಮೇಲೆ ಹ್ಯಾಡಿಕ್ಸ್ ಹೆಸರು ಅಧಿಕೃತ ಪಟ್ಟಿಯಿಂದಲೂ ಹೋಯಿತು.

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಹನ್ನೆರಡು ಹಿಟ್ ಸಿಕ್ಕೂ ಒಂದು ರನ್ ಮಾಡದ ತಂಡದವರ ಮೇಲೆ, ಕೈ ತಪ್ಪಿದ ಹೋಕ್ ಮೇಲೆ. ಆಮೇಲೆ ಯೋಚನೆ ಬಂತು: ಆ ಹಿಂದಿನ 36 ಔಟ್‌ಗಳಲ್ಲಿ ಎಷ್ಟನ್ನು ಇದೇ ತಂಡದವರು ಚೆಂಡು ಹಿಡಿದು, ಎಸೆದು ಕೊಟ್ಟಿದ್ದರು! ಅವನ್ನೆಲ್ಲ ಹ್ಯಾಡಿಕ್ಸ್ ಲೆಕ್ಕಕ್ಕೇ ಬರೆದುಕೊಂಡಿದ್ದ ನಾನು, ತಪ್ಪಿದ ಒಂದನ್ನು ಮಾತ್ರ ಹೋಕ್ ಲೆಕ್ಕಕ್ಕೆ ಹಾಕಿದ್ದೆ. ಆಫೀಸಲ್ಲೂ ನಾನು ಮಾಡೋದು ಇದನ್ನೇ ಅಲ್ವಾ ಅನ್ನಿಸಿ ಸ್ವಲ್ಪ ನಾಚಿಕೆಯಾಯಿತು.

ಕಥೆಗೆ ಒಂದು ಬಾಲವಿದೆ. ಮರುವರ್ಷ, 1960ರ ಅಕ್ಟೋಬರ್ 13, ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಪೈರೇಟ್ಸ್ ಮುಂದಿದ್ದಾಗ ಹ್ಯಾಡಿಕ್ಸ್ ಎಸೆಯಲು ಬಂದ. ಅವನು ಎಸೆಯುತ್ತಿದ್ದಾಗಲೇ ಯಾಂಕೀಸ್ 9-9ಕ್ಕೆ ಸಮ ಮಾಡಿಕೊಂಡರು. ಆದರೆ ಮರುಕ್ಷಣವೇ ಬಿಲ್ ಮ್ಯಾಜೆರಾಸ್ಕಿ ಹೋಮ್ ರನ್ ಹೊಡೆದ, 10-9ಕ್ಕೆ ಪೈರೇಟ್ಸ್ ಚಾಂಪಿಯನ್.

ದಾಖಲೆ ಪುಸ್ತಕದಲ್ಲಿ ಆ ಪಂದ್ಯ ಗೆದ್ದ ಪಿಚರ್ ಯಾರು ಗೊತ್ತಾ? ಹಾರ್ವಿ ಹ್ಯಾಡಿಕ್ಸ್.