ಜಿಲ್ಲೆಯ ಹೆಸರು ಸಾಕು, ಪಿನ್ ಬೇಡ

ಅಮೆರಿಕದ ವಯೋಮಿಂಗ್ ರಾಜ್ಯದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿ ಡೆಲ್ಟಾ ಲೇಕ್ ಎಂಬ ಸರೋವರವಿದೆ. ಹಿಮನದಿಯಿಂದ ಇಳಿದ ನೀರು, ಕಣ್ಣು ಕೀಳಲಾಗದಂಥ ಬಣ್ಣ. ಕೊನೆಯ ಏರಿಗೆ ಸರಿಯಾದ ದಾರಿಯೂ ಇಲ್ಲ. ಒಂದು ಕಾಲಕ್ಕೆ ದಿನಕ್ಕೆ ಒಬ್ಬಿಬ್ಬರು ಹತ್ತುತ್ತಿದ್ದ ಅಲ್ಲಿಗೆ 2018ರ ಹೊತ್ತಿಗೆ ಕೆಲವು ದಿನ 145 ಮಂದಿ ಬರತೊಡಗಿದ್ದರು. ಇನ್‌ಸ್ಟಾಗ್ರಾಂ ಫೋಟೊಗಳ ಲೊಕೇಶನ್ ಅವರನ್ನು ಕರೆತಂದಿತ್ತು. ಆಗ ಅಲ್ಲಿನ ಜಾಕ್ಸನ್ ಹೋಲ್ ಕಣಿವೆಯ ಪ್ರವಾಸೋದ್ಯಮ ಮಂಡಳಿಯೇ, ಅಂದರೆ ಜನರನ್ನು ಕರೆಯುವುದೇ ಕಸುಬಾದವರೇ, 'ಫೋಟೊ ಹಾಕಿ, ನಿಖರವಾದ ಜಾಗ ಹಾಕಬೇಡಿ' ಎಂದು ಪ್ರಚಾರ ಶುರುಮಾಡಿದರು.

ಜಾಗದ ಹೆಸರು ಮೊದಲೂ ಬಾಯಿಂದ ಬಾಯಿಗೆ ಹೋಗುತ್ತಿತ್ತಲ್ಲ, ಈಗೇನು ಹೊಸತು? ಹೆಸರಷ್ಟೇ ಗೊತ್ತಿದ್ದವರು ಊರಿನಲ್ಲಿ ನಿಂತು ದಾರಿ ಕೇಳಬೇಕಿತ್ತು. ಕೇಳಿದಾಗ 'ಮೇಲೆ ಮಳೆ ಹಿಡಿದಿದೆ, ಇವತ್ತು ಬೇಡ', 'ಆ ಕಡೆ ಆನೆ ಇದೆ' ಎಂಬ ಮಾತೂ ಸಿಗುತ್ತಿತ್ತು. ಮ್ಯಾಪಿನ ಪಿನ್ ಯಾರನ್ನೂ ಕೇಳಗೊಡುವುದಿಲ್ಲ. ನೇರವಾಗಿ ಹಳ್ಳದ ದಡಕ್ಕೆ ತಂದು ನಿಲ್ಲಿಸುತ್ತದೆ, ಒಂದೇ ಭಾನುವಾರ ನೂರಾರು ಮಂದಿಯನ್ನು.

ನಮ್ಮ ಘಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಇದರ ಪೆಟ್ಟು ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿ ಮಣ್ಣಿನ ಪದರ ತೆಳು. ಹತ್ತಾರು ಕಾಲು ತುಳಿದರೆ ಹುಲ್ಲು ಸತ್ತು ಮಣ್ಣು ಬತ್ತಲಾಗುತ್ತದೆ. ಮುಂಗಾರಿನ ನೀರು ಅದೇ ಜಾಡಿನಲ್ಲಿ ಹರಿದು ಮೊಣಕಾಲುದ್ದ ಕೊರಕಲು ಮಾಡುತ್ತದೆ. ಮುಂದಿನವರು ಕೊರಕಲು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಕಾಲುದಾರಿ ಅಗಲವಾಗುತ್ತಲೇ ಹೋಗುತ್ತದೆ. ತೊಳೆದುಹೋದ ಮಣ್ಣು ಮತ್ತೆ ಕೂಡಿಕೊಳ್ಳಲು ನಮ್ಮ ಆಯುಸ್ಸು ಸಾಲದು.

ಹಾಗೆಂದು ಜಾಗ ಮುಚ್ಚಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನಲಾರೆ. ಕುಮಾರಪರ್ವತ ಯಾವತ್ತೂ ಗುಟ್ಟಾಗಿರಲಿಲ್ಲ. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೊ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ತಡೆ ಹಾಕಿತು. ಆನ್‌ಲೈನ್ ಬುಕಿಂಗ್, ಒಂದು ಚಾರಣಕ್ಕೆ ದಿನಕ್ಕೆ 300 ಜನರ ಮಿತಿ ಆಮೇಲೆ ಬಂದವು. ಹೆಸರಾದ ಜಾಗಕ್ಕೆ ಬೇಕಾದದ್ದು ಇಂಥ ಕಟ್ಟುಪಾಡು. ಗೇಟಿಲ್ಲದ, ಗಾರ್ಡ್ ಇಲ್ಲದ ಜಾಗಗಳಿಗೆ ಮಾತ್ರ ನಮ್ಮ ಸಂಯಮವೇ ಕಾವಲು.

'ಕಾಡೇನು ಗೊತ್ತಿದ್ದವರ ಸ್ವತ್ತೇ?' ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಪಿನ್ ಹಾಕದಿದ್ದರೆ ಯಾರನ್ನೂ ತಡೆದಂತಾಗುವುದಿಲ್ಲ. ಬರುವವರು ಕೇಳಿಕೊಂಡು, ತಿಳಿದುಕೊಂಡು ಬರುತ್ತಾರೆ, ಅಷ್ಟೆ. ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ತಾಣ ನಿಖರ ಜಾಗ ಮರೆಮಾಡುವುದನ್ನು ನಿಯಮವಾಗಿಯೇ ಪಾಲಿಸುತ್ತದೆ. ಅಳಿವಿನಂಚಿನ ಜೀವಿಯಾದರೆ ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ತೋರಿಸುತ್ತದೆ. ಅಧ್ಯಯನಕ್ಕೆ ಅದು ನೆರವಾಗುತ್ತದೆ, ಬೇಟೆಗಾರನಿಗೆ ಆಗುವುದಿಲ್ಲ.

ನಾವು ಪಿನ್ ಹಾಕದಿದ್ದರೂ ಜಾಗ ಹೊರಬೀಳಬಹುದು. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೊದೊಳಗೂ ಅಕ್ಷಾಂಶ ರೇಖಾಂಶ ಕೂತಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅವು ಸಾಮಾನ್ಯವಾಗಿ ಕಳಚಿಹೋಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾದ ಲೊಕೇಶನ್ ಆಫ್ ಮಾಡಬಹುದು. ಜೋಗಕ್ಕೆ ಧಾರಾಳವಾಗಿ ಲೊಕೇಶನ್ ಹಾಕಿ. ಅಲ್ಲಿ ರಸ್ತೆಯಿದೆ, ಕಟಕಟೆಯಿದೆ, ನೋಡಿಕೊಳ್ಳುವವರಿದ್ದಾರೆ. ಹಕ್ಕಿಯ ಗೂಡಿಗೆ, ಹೆಸರಿಲ್ಲದ ಅಬ್ಬಿಗೆ 'ಶಿವಮೊಗ್ಗ ಜಿಲ್ಲೆ' ಎಂದರೆ ಸಾಕು. ಇನ್‌ಸ್ಟಾಗ್ರಾಂನಲ್ಲಿ ಹಿಂದೆ ಹಾಕಿದ ಪೋಸ್ಟ್‌ನಿಂದಲೂ ಎಡಿಟ್ ಒತ್ತಿ ಲೊಕೇಶನ್ ತೆಗೆಯಲು ಬರುತ್ತದೆ.