ಸೈಕಲ್ಲನ್ನು ಎತ್ತಬೇಡಿ, ತುಳಿದು ನೋಡಿ

50ರಿಂದ 80 ಸಾವಿರ ರೂಪಾಯಿಯ ಅಲ್ಯೂಮಿನಿಯಂ ರೋಡ್ ಸೈಕಲ್ ಕೊಳ್ಳಹೊರಟ ಪುಣೆಯ ನಮ್ಮ ಗೆಳೆಯರು ಅಂಗಡಿಯಲ್ಲಿ ಮೊದಲು ಮಾಡುವುದು ಅದನ್ನು ಒಂದು ಕೈಯಲ್ಲಿ ಎತ್ತಿ ನೋಡುವುದು. ಆಮೇಲೆ ಗೇರಿನ ಮೇಲಿನ ಹೆಸರು ಓದುವುದು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹೀಗೆ ಮಾಡುವುದಿಲ್ಲ. ಅವನು ಹಲ್ಲು ಹಿಡಿದು ನೋಡುತ್ತಾನೆ, ನಡೆಸಿ ನೋಡುತ್ತಾನೆ.

ತೂಕದ ಮೋಹವನ್ನೇ ಲೆಕ್ಕ ಹಾಕೋಣ. ಸವಾರ 70 ಕಿಲೋ, ಸೈಕಲ್ 10 ಕಿಲೋ. ಸೈಕಲ್ ಒಂದು ಕಿಲೋ ಹಗುರವಾದರೆ ಉಳಿಯುವುದು ಒಟ್ಟು ಭಾರದ ಎಂಬತ್ತರಲ್ಲೊಂದು ಪಾಲು. ಸಮತಟ್ಟಾದ ರಸ್ತೆಯಲ್ಲಿ ವೇಗವನ್ನು ತಡೆಯುವುದು ಮುಖ್ಯವಾಗಿ ಗಾಳಿ, ತೂಕವಲ್ಲ. ಆ ಒಂದು ಕಿಲೋಗಾಗಿ ಸಾವಿರಗಟ್ಟಲೆ ಹೆಚ್ಚು ತೆರುವ ಮುನ್ನ ನಾವು ನಡುವಯಸ್ಸಿನವರು ನಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಳ್ಳುವುದು ಲೇಸು.

ಅಲ್ಯೂಮಿನಿಯಂ ಬೆನ್ನು ಮುರಿಯುತ್ತದೆ ಎಂಬುದು ಇನ್ನೊಂದು ಹಳೆಯ ದೂರು. ರಸ್ತೆಯ ಹೊಡೆತವನ್ನು ಹೀರುವುದು ಲೋಹಕ್ಕಿಂತ ಹೆಚ್ಚಾಗಿ ಟೈರಿನೊಳಗಿನ ಗಾಳಿ. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಈ ಫ್ರೇಮಿನಲ್ಲಿ 28 ಅಥವಾ 32 ಮಿ.ಮೀ. ಅಗಲದ ಟೈರ್ ಹಿಡಿಸುತ್ತದೆಯೇ? ನಮ್ಮ ಹೊಂಡಗಳ ರಸ್ತೆಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆಯಿಲ್ಲ.

ಶಿಮಾನೊ ಕ್ಲಾರಿಸ್‌ನಲ್ಲಿ ಹಿಂದೆ 8 ಚಕ್ರ, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10. ಈ ಏಣಿಶ್ರೇಣಿಗಿಂತ ಹಲ್ಲುಗಳ ಲೆಕ್ಕ ಮುಖ್ಯ. ಮುಂದಿನ ಚಿಕ್ಕ ಚಕ್ರಕ್ಕೆ 34, ಹಿಂದಿನ ದೊಡ್ಡದಕ್ಕೆ 32 ಹಲ್ಲಿದ್ದರೆ ಕಾತ್ರಜ್ ಘಾಟಿಯನ್ನು ಕೂತೇ ಹತ್ತಬಹುದು. ಹಿಂದೆ 25 ಮಾತ್ರ ಇದ್ದರೆ ಹೆಸರು ಎಷ್ಟೇ ದೊಡ್ಡದಿರಲಿ, ಮೊಣಕಾಲು ದಂಡ ತೆರುತ್ತದೆ.

ಎಲ್ಲಕ್ಕಿಂತ ದೊಡ್ಡದು ಅಳತೆ. ನನ್ನ ಮೊದಲ ಸೈಕಲ್ ನನಗಿಂತ ಒಂದು ಅಳತೆ ದೊಡ್ಡದಿತ್ತು. 'ಸೀಟು ಇಳಿಸಿದರೆ ಸರಿಹೋಗುತ್ತದೆ ಸಾರ್' ಎಂದ ಅಂಗಡಿಯವನನ್ನು ನಂಬಿದೆ. ಸೀಟು ಇಳಿಯಿತು, ಹ್ಯಾಂಡಲ್ ಹತ್ತಿರ ಬರಲಿಲ್ಲ. ಕತ್ತು ನೋವು, ಅಂಗೈ ಜೋಮು. ವರ್ಷದೊಳಗೆ ಅರ್ಧ ಬೆಲೆಗೆ ಮಾರಿದೆ. ತಪ್ಪು ಅವನದಷ್ಟೇ ಅಲ್ಲ, ತುಳಿಯದೆ ಹಣ ಕೊಟ್ಟ ನನ್ನದೂ ಹೌದು.

ಅರ್ಧ ಗಂಟೆಯಾದರೂ ಸವಾರಿ ಮಾಡಿ. ಏರಿನಲ್ಲಿ ಗೇರು ಬದಲಿಸಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಿರಿ, ಹ್ಯಾಂಡಲಿನ ಕೆಳಬಾಗನ್ನು ಹಿಡಿದು ಕತ್ತೆತ್ತಿ ರಸ್ತೆ ನೋಡಿ. ಅದಕ್ಕೆ ಒಪ್ಪದ ಅಂಗಡಿಗೆ ನಮಸ್ಕಾರ ಹೇಳಿ ಹೊರಬನ್ನಿ. ಬಾಲ್ಕನಿಗಳಲ್ಲಿ ಬಟ್ಟೆ ಒಣಗಿಸುತ್ತ ನಿಂತಿರುವ ಹಗುರ ಸೈಕಲ್ಲುಗಳು ಈಗಾಗಲೇ ಸಾಕಷ್ಟಿವೆ.