ಶಾಲೆಯ ಮಾನ ಮೊದಲೋ, ಮಕ್ಕಳು ಮೊದಲೋ?

ಅಮೆರಿಕದ ಕನೆಟಿಕಟ್ ರಾಜ್ಯದ ಚೋಟ್ ರೋಸ್‌ಮರಿ ಹಾಲ್, ಅಧ್ಯಕ್ಷ ಜಾನ್ ಎಫ್. ಕೆನಡಿ ಓದಿದ ವಸತಿ ಶಾಲೆ. 2016ರಲ್ಲಿ ಬೋಸ್ಟನ್ ಗ್ಲೋಬ್ ಪತ್ರಿಕೆ ಅಲ್ಲಿನ ಲೈಂಗಿಕ ದೌರ್ಜನ್ಯಗಳನ್ನು ಬಯಲಿಗೆಳೆದ ಮೇಲೆ ಶಾಲೆಯೇ ವಕೀಲೆಯೊಬ್ಬರಿಗೆ ತನಿಖೆ ಒಪ್ಪಿಸಿತು. 2017ರ ಏಪ್ರಿಲ್‌ನಲ್ಲಿ ಬಂದ ವರದಿ 12 ಮಂದಿ ಮಾಜಿ ಶಿಕ್ಷಕರನ್ನು ಹೆಸರಿಸಿತು. ಕೆಲವು ಪ್ರಕರಣಗಳು 1960ರ ದಶಕದಷ್ಟು ಹಳೆಯವು.

ಆಡಳಿತಕ್ಕೆ ಹಲವು ಸಂಗತಿ ಗೊತ್ತಿದ್ದವು. ಪೊಲೀಸರಿಗೆ ಮಾತ್ರ ದೂರು ಹೋಗಲಿಲ್ಲ.

1999ರಲ್ಲಿ ಕೋಸ್ಟರಿಕಾ ಅಧ್ಯಯನ ಪ್ರವಾಸದಲ್ಲಿ ವಿದ್ಯಾರ್ಥಿನಿಯ ಮೇಲೆ ದೌರ್ಜನ್ಯ ಎಸಗಿದ ಆರೋಪ ಹೊತ್ತ ಶಿಕ್ಷಕನನ್ನು ಕೆಲಸದಿಂದ ತೆಗೆದರು. ಆತ ಮುಂದೆ ಬೇರೊಂದು ಶಾಲೆಗೆ ಪ್ರಾಂಶುಪಾಲನಾದ. ರಾಜೀನಾಮೆ ಕೊಟ್ಟು ಹೊರಟ ಕೆಲವರ ಕೈಗೆ ಶಿಫಾರಸು ಪತ್ರವೂ ಸಿಕ್ಕಿತ್ತು. ಒಂದು ಶಾಲೆ ಮಾನ ಉಳಿಸಿಕೊಳ್ಳಲು ಹೋಗಿ ಇನ್ನೊಂದು ಶಾಲೆಯ ಮಕ್ಕಳನ್ನು ಅಪಾಯಕ್ಕೆ ದೂಡಿತು.

ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ಕೃತ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ವಸತಿ ಶಾಲೆಯ ಮಕ್ಕಳು ತಿಂಗಳುಗಟ್ಟಲೆ ಹೆತ್ತವರಿಂದ ದೂರವಿರುತ್ತಾರೆ. ಆಡಳಿತಕ್ಕೆ ಸೇರದ ಒಬ್ಬರ ಬಳಿ ದೂರು ಹೇಳಿಕೊಳ್ಳುವ ಏರ್ಪಾಡು, 1098 ಸಹಾಯವಾಣಿಗೆ ಕರೆ ಮಾಡಲು ಹಾಸ್ಟೆಲ್‌ನಲ್ಲೇ ಒಂದು ಫೋನ್, ಇವೆರಡನ್ನೂ ಶಿಕ್ಷಣ ಇಲಾಖೆ ಎಲ್ಲ ವಸತಿ ಶಾಲೆಗಳಿಗೆ ಕಡ್ಡಾಯ ಮಾಡಬೇಕು.